ಮೂರೂವರೆ ಗಂಟೆಯ ದಾರಿ

ನಮ್ಮ ಆರ್‌ಪಿಸಿ ಲೇಔಟಿನ ಮನೆಯಿಂದ ವಿಮಾನ ನಿಲ್ದಾಣ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾವು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಮುಂಜಾನೆಯಾದರೆ ಒಂದೂಕಾಲು ಗಂಟೆ, ಆಫೀಸಿನ ಹೊತ್ತಾದರೆ ಎರಡೂವರೆ, ಮಳೆ ಬಂದರೆ ದೇವರೇ ಗತಿ, ಹೀಗೆ ಹೇಳುತ್ತೇವೆ. ಬೆಂಗಳೂರಿನ ಈ ಪಡುವಣ ಕಡೆ ಇರುವವರಿಗೆ ದೇವನಹಳ್ಳಿಯ ಆ ನಿಲ್ದಾಣ ಬೇರೆ ಜಿಲ್ಲೆ ಇದ್ದಹಾಗೆ. ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿದ ಮೇಲೆಯೇ ನಮಗೆ ಹೊರಟಿದ್ದೇವೆ ಅನ್ನಿಸುವುದು. ದೂರವನ್ನು ಗಡಿಯಾರದಿಂದ ಅಳೆಯುವ ಈ ಅಭ್ಯಾಸ ನಮ್ಮ ಅವ್ವನಿಗೂ ಅಂಟಿಕೊಂಡಿತ್ತು. ಏಪ್ರಿಲ್ ರಜೆಯ ಒಂದು ದಿನ ಅದೇ ಅಭ್ಯಾಸ ನಮ್ಮನ್ನೆಲ್ಲ ಹೆದರಿಸಿ ಹಣ್ಣು ಮಾಡಿತು.

ಅವ್ವ ದಾವಣಗೆರೆ ಕಡೆಯವಳು. ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ, ಎಪ್ಪತ್ತು ದಾಟಿದೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಸಂಜೆಯೂ ಪೂಜೆಯಾಗದೆ ಊಟವಿಲ್ಲ. ಇದು ಎಷ್ಟೋ ಮನೆಗಳಲ್ಲಿ ಇರುವುದೇ. ಅವ್ವ ಇದಕ್ಕೆ ತನ್ನದೊಂದು ಕಟ್ಟುಪಾಡು ಸೇರಿಸಿಕೊಂಡಿದ್ದಳು. ದಾರಿಯಲ್ಲಿ ಉಣ್ಣುವುದಿಲ್ಲ. ದಾರಿಯ ಧೂಳು ಮೈಮೇಲಿಟ್ಟುಕೊಂಡು ಲಿಂಗ ಮುಟ್ಟುವುದಿಲ್ಲ, ಲಿಂಗ ಮುಟ್ಟದೆ ತುತ್ತು ಎತ್ತುವುದಿಲ್ಲ, ಹಾಗಾಗಿ ಊರು ಮುಟ್ಟಿ, ಸ್ನಾನ ಮಾಡಿ, ಪೂಜೆ ಮುಗಿಸಿಯೇ ಊಟ. ಮಠದ ಸ್ವಾಮಿಗಳೇ ಪ್ರಯಾಣದಲ್ಲಿ ಅಷ್ಟೆಲ್ಲ ಬೇಡಮ್ಮ ಎಂದರೂ ಕೇಳಲಿಲ್ಲ. ದಾವಣಗೆರೆಯ ಬಸ್ಸಿನಲ್ಲಿ ಐದಾರು ಗಂಟೆ ಬಾಯಿಗೆ ನೀರೂ ಹಾಕದೆ ಕೂತು ಬರುವಳು. ಬಸ್ಸು ನಿಂತ ಕಡೆ ಹೆಂಗಸರು ಇಳಿದು ಹೋಗುವಂಥ ಜಾಗ ಎಲ್ಲಿರುತ್ತಿತ್ತು ಹೇಳಿ. ಈ ಕಟ್ಟುಪಾಡಿನಲ್ಲಿ ಭಕ್ತಿ ಎಷ್ಟು, ಆ ಕಷ್ಟ ಎಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಎಂಟಕ್ಕೆ ಊಟದ ಮುಂಚೆ ಒಂದು. ಊಟ ತಪ್ಪಿದರೂ ಮಾತ್ರೆ ತಪ್ಪಿಸುವವಳಲ್ಲ. ಹೋದ ಶ್ರಾವಣದ ಒಂದು ಸೋಮವಾರ ಉಪವಾಸವಿದ್ದು ಮಾತ್ರೆ ಮಾತ್ರ ನುಂಗಿದ್ದಳು. ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತವಳ ಮೈಯೆಲ್ಲ ಬೆವರು, ನಾಲಿಗೆ ತೊದಲುತ್ತಿತ್ತು, ನನ್ನ ಮುಖ ನೋಡಿ ಯಾರು ಎಂದು ಕೇಳಿದಳು. ಕಾಲೇಜಿಗೆ ಹೊರಟು ನಿಂತಿದ್ದ ನನ್ನ ಮಗಳು ಸಕ್ಕರೆ ಡಬ್ಬಿಗೆ ಕೈ ಹಾಕಿ ಅಜ್ಜಿಯ ಬಾಯಿಗೆ ಸವರಿದಳು. ನಾನು ಬರೀ ನೋಡುತ್ತಾ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಕಣ್ಣು ಬಿಟ್ಟು, ಉಪವಾಸ ಕೆಡಿಸಿದ್ರಲ್ಲ ಎಂದು ನಮ್ಮನ್ನೇ ಬೈದಳು.

ಇಂಥ ಅವ್ವ ಅಮೆರಿಕಕ್ಕೆ ಹೊರಟಿದ್ದು ತನ್ನ ತಂಗಿಗಾಗಿ. ನನ್ನ ಚಿಕ್ಕಮ್ಮ ನಲವತ್ತು ವರ್ಷದ ಕೆಳಗೆ ನರ್ಸ್ ಕೆಲಸಕ್ಕೆಂದು ಹೋಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ನಿಂತವಳು. ಗಂಡನಿಲ್ಲ, ಮಕ್ಕಳಿಲ್ಲ. ಸೊಂಟದ ಕೀಲಿನ ಆಪರೇಷನ್ ನಿಗದಿಯಾಗಿತ್ತು. ಅಷ್ಟು ವರ್ಷ ಇನ್ನೊಬ್ಬರ ಮಂಚದ ಪಕ್ಕ ನಿಂತವಳಿಗೆ ತಾನು ಮಂಚ ಹತ್ತುವಾಗ ಅಕ್ಕ ಬೇಕೆನಿಸಿತು. ಫೋನಿನಲ್ಲಿ ಅವ್ವನನ್ನು ಒಪ್ಪಿಸುವಾಗ ಅವಳು ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿದೆ: ಈಗ ಬೆಂಗಳೂರಿಂದ ನೇರ ವಿಮಾನ ಅಕ್ಕ, ಎಲ್ಲೂ ಇಳಿದು ಹತ್ತುವ ಗೋಳಿಲ್ಲ, ಮಧ್ಯಾಹ್ನ ಹತ್ತಿದರೆ ಸಂಜೆ ಕಾಫಿಗೆ ನನ್ನ ಮನೆಯಲ್ಲಿರುತ್ತೀಯ. ನಾವೆಲ್ಲ ನಕ್ಕೆವು. ಅವ್ವನೂ ನಕ್ಕಳು.

ಟಿಕೆಟ್ಟಿನಲ್ಲೂ ಹಾಗೇ ಇತ್ತು. ಹೊರಡುವುದು ಮಧ್ಯಾಹ್ನ ಎರಡು, ತಲುಪುವುದು ಸಂಜೆ ಐದೂವರೆ, ತಾರೀಕು ಅದೇ. ಅದು ಅಲ್ಲಿಯ ಸಂಜೆ. ನಮ್ಮ ಗಡಿಯಾರದಲ್ಲಿ ಅಷ್ಟು ಹೊತ್ತಿಗೆ ಮರುದಿನ ಬೆಳಿಗ್ಗೆ ಆರು. ನಡುವೆ ಹದಿನಾರು ಗಂಟೆ, ಹದಿನಾಲ್ಕು ಸಾವಿರ ಕಿಲೋಮೀಟರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಪ್ರತಿವರ್ಷ ಮಕ್ಕಳಿಗೆ ಕಿತ್ತಳೆ ಹಣ್ಣು, ಟಾರ್ಚು ಹಿಡಿದು ರೇಖಾಂಶದ ಪಾಠ ಮಾಡುತ್ತೇನೆ. ಮನೆಯಲ್ಲಿ ಮಾತ್ರ ಈ ಹದಿನಾರು ಗಂಟೆಯ ವಿಷಯವನ್ನು ನಾವು ಬೇಕೆಂದೇ ಎತ್ತಲಿಲ್ಲ.

ಅದಕ್ಕೆ ಕಾರಣ ಟೀವಿ. ಅವ್ವನಿಗೂ ಕೆಳಗಿನ ಮನೆಯ ಆಂಟಿಗೂ ಸಂಜೆ ಒಟ್ಟಿಗೆ ಕೂತು ನ್ಯೂಸ್ ನೋಡುವ ಚಟ. ಎಲ್ಲೋ ವಿಮಾನ ಬಿದ್ದು ಸುಟ್ಟದ್ದನ್ನು ಆ ಚಾನೆಲ್ಲಿನವರು ವಾರಗಟ್ಟಲೆ ತೋರಿಸಿದ್ದರು. ಗಡಿಯಲ್ಲಿ ಗಲಾಟೆಯಾಗಿ ವಿಮಾನ ನಿಲ್ದಾಣಗಳನ್ನು ಮುಚ್ಚಿದಾಗ, ಇಳಿಯಲು ಜಾಗವಿಲ್ಲದೆ ವಿಮಾನಗಳು ಆಕಾಶದಲ್ಲೇ ಸುತ್ತುತ್ತಿವೆ ಎಂದು ಕೆಂಪು ಅಕ್ಷರದಲ್ಲಿ ಹಾಕಿ ಅರಚಿದ್ದರು. ಅವ್ವ ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡಿದ್ದಳು. ಹಿಂದೊಮ್ಮೆ ಮಠದ ಅಕ್ಕನ ಬಳಗದ ಹೆಂಗಸರ ಜೊತೆ ವಿಮಾನದಲ್ಲಿ ಕಾಶಿಗೆ ಹೋಗಿ ಬಂದವಳು, ಆ ಎರಡೂವರೆ ಗಂಟೆಗೇ ಜೀವ ಬಾಯಿಗೆ ಬಂದಿತ್ತು ಎಂದು ಹೇಳುತ್ತಿದ್ದಳು. ಹದಿನಾರು ಅಂತ ಕೇಳಿದರೆ ಹೊರಡುವುದೇ ಇಲ್ಲ ಎಂದು ನನ್ನ ಗಂಡ ಹೇಳಿದರು. ನಾನು ಒಪ್ಪಿದೆ, ಮಗಳು ಒಪ್ಪಿದಳು. ಅವ್ವನೂ ಎಷ್ಟು ಹೊತ್ತು ಎಂದು ಕೇಳಲಿಲ್ಲ. ಹೆದರಿಕೆಗೆ ಕೇಳುತ್ತಿಲ್ಲ ಎಂದುಕೊಂಡು ನಾವು ಒಳ್ಳೆಯದೇ ಆಯಿತೆಂದು ಸುಮ್ಮನಾದೆವು.

ಊಟದ ವಿಷಯ ಮಾತ್ರ ನಾನು ಬಿಡಲಿಲ್ಲ. ವಾರದ ಮೊದಲೇ ಹತ್ತಿರ ಕೂರಿಸಿಕೊಂಡು, ಅವ್ವ, ಈ ಸಲ ನಿನ್ನ ಕಟ್ಟುಪಾಡು ನಡೆಯಲ್ಲ, ದಾರಿಯಲ್ಲಿ ಉಣ್ಣಲೇಬೇಕು, ವಿಮಾನದವರು ಕೊಡೋದು ಬೇಡವಾದರೆ ನಾನು ಕಟ್ಟಿಕೊಡ್ತೀನಿ ಎಂದೆ. ಅವಳು ಆಯ್ತು ಬಿಡು ಎಂದಳು. ಅಷ್ಟು ಸುಲಭವಾಗಿ ಅವಳು ಯಾವುದಕ್ಕೂ ಆಯ್ತು ಅಂದವಳಲ್ಲ, ನನಗೆ ಅಲ್ಲೇ ಸಂಶಯ ಬರಬೇಕಿತ್ತು. ಹೊರಡುವ ಹಿಂದಿನ ಸಂಜೆ ಮೆತ್ತಗಿನ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಬಾಳೆಹಣ್ಣು ಸ್ಟೀಲ್ ಡಬ್ಬಿಗೆ ಹಾಕಿ ಅವಳ ಕೈಚೀಲದಲ್ಲಿ ನಾನೇ ಇಟ್ಟೆ.

ಬೆಳಿಗ್ಗೆ ಅವ್ವ ಐದಕ್ಕೇ ಎದ್ದು ಪೂಜೆ ಮಾಡಿದಳು. ಏಳಕ್ಕೆ ಉಪ್ಪಿಟ್ಟು ತಿಂದು ಮಾತ್ರೆ ತೆಗೆದುಕೊಂಡಳು. ಕೆಳಗಿನ ಮನೆಯ ಆಂಟಿ ಬಂದು ಅವಳ ಕೈ ಹಿಡಿದುಕೊಂಡರು, ಇಬ್ಬರೂ ಬಾಗಿಲ ಹತ್ತಿರ ಏನೋ ಪಿಸುಗುಟ್ಟಿದರು. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ನನ್ನ ಗಂಡ ಹಾರ್ನ್ ಒತ್ತುತ್ತಾ ಹೋದರು, ಅವ್ವ ಕರಡಿಗೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಸೆಕ್ಯೂರಿಟಿಯಲ್ಲಿ ಅದನ್ನು ತೆಗೆಯಿರಿ ಎಂದರೆ ಏನು ಮಾಡೋದು ಎಂಬುದೊಂದೇ ಆಗ ನನ್ನ ಹೆದರಿಕೆ. ಹೆಂಗಸು ಪೊಲೀಸಿಗೆ ತೋರಿಸು, ಕೊರಳಿಂದ ತೆಗೀಬೇಡ, ದೇವರು ಅಂತ ಹೇಳು ಎಂದು ಹತ್ತು ಸಲ ಹೇಳಿಕೊಟ್ಟೆ.

ನಮ್ಮ ಕಡೆಯ ತಾಯಂದಿರೆಲ್ಲ ವಿಮಾನ ಹತ್ತುವುದು ವೀಲ್‌ಚೇರಿನಲ್ಲೇ. ಕಾಲು ಗಟ್ಟಿಯಾಗಿದ್ದರೂ ಸರಿ, ಭಾಷೆ ಬಾರದಿದ್ದರೆ ವೀಲ್‌ಚೇರ್ ಬುಕ್ ಮಾಡಿಬಿಡುತ್ತೇವೆ, ತಳ್ಳುವವರು ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾರೆಂದು. ದಿನಾ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯುವ ಅವ್ವನಿಗೆ ಅವಮಾನವಾಯಿತು. ನಂಗೇನಾಗೈತೆ ಎಂದು ಮುಖ ಊದಿಸಿಕೊಂಡೇ ಕೂತಳು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಗಾಜಿನ ಬಾಗಿಲಿನಾಚೆ ಅವಳ ಬೆಳ್ಳಗಿನ ತುರುಬು ಒಂದಷ್ಟು ಹೊತ್ತು ಕಂಡಿತು. ಒಂದು ಗಂಟೆಯ ಮೇಲೆ ಫೋನ್ ಮಾಡಿ, ಕರಡಿಗೆ ತೆಗೆಸಲಿಲ್ಲ, ಹುಡುಗಿ ಕೈ ಮುಗಿದ್ಲು, ನಾನಿನ್ನು ಫೋನ್ ಬಂದ್ ಮಾಡ್ತೀನಿ ಎಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಮನೆಗೆ ಬಂದು ಮಲಗಿ ಎದ್ದೆ. ಮಗಳು ತನ್ನ ಫೋನಿನಲ್ಲಿ ವಿಮಾನದ ದಾರಿ ತೋರಿಸುವ ಆ್ಯಪ್ ಹಾಕಿಕೊಟ್ಟಳು. ಹಳದಿ ಬಣ್ಣದ ಪುಟ್ಟ ವಿಮಾನವೊಂದು ಬಂಗಾಳ ಕೊಲ್ಲಿಯ ಮೇಲೆ ಇಂಚಿಂಚೇ ಸರಿಯುತ್ತಿತ್ತು. ಹೋಗಿದ್ದು ಇಷ್ಟು, ಉಳಿದಿದ್ದು ಇಷ್ಟು ಎಂದು ಕೆಳಗೆ ಬರುತ್ತಿತ್ತು. ಅದರೊಳಗೆ ನಮ್ಮವ್ವ ಕೂತಿದ್ದಾಳೆ ಎಂದು ಗಂಡನಿಗೂ ತೋರಿಸಿದೆ. ಕಾಫಿ ಕುಡಿದು ಲವಲವಿಕೆಯಿಂದಲೇ ಇದ್ದೆವು.

ಸಂಜೆ ಆರಕ್ಕೆ ಕೆಳಗಿನ ಮನೆಯ ಆಂಟಿ ಮೆಟ್ಟಿಲು ಹತ್ತಿ ಬಂದರು.

"ಅಮ್ಮ ಮುಟ್ಟಿದ್ರಾ? ಫೋನ್ ಬಂತಾ?"

ನನಗೆ ನಗು ಬಂತು. ಎಲ್ಲಿ ಆಂಟಿ, ಇನ್ನೂ ಚೀನಾದ ಹತ್ತಿರ ಇದಾಳೆ, ಮುಟ್ಟೋದು ನಾಳೆ ಬೆಳಿಗ್ಗೆ ಎಂದೆ. ಆಂಟಿ ನಗಲಿಲ್ಲ. ಸೋಫಾದ ಅಂಚಿನಲ್ಲಿ ಕೂತು ನನ್ನನ್ನೇ ನೋಡಿದರು.

"ನಾಳೆನಾ? ನಿಮ್ಮಮ್ಮ ಮೂರೂವರೆ ಗಂಟೆ ದಾರಿ ಅಂದ್ರಲ್ಲಮ್ಮ. ಎರಡಕ್ಕೆ ಬಿಟ್ಟು ಐದೂವರೆಗೆ ಮುಟ್ತೀನಿ, ತಂಗಿ ಮನೇಲಿ ಸ್ನಾನ ಪೂಜೆ ಮಾಡ್ಕೊಂಡೇ ಉಣ್ತೀನಿ ಅಂದ್ರು. ಆರಕ್ಕೆ ನನಗೆ ಫೋನ್ ಮಾಡ್ತೀನಿ ಅಂದಿದ್ರು."

ಅವ್ವನಿಗೆ ಅಮೆರಿಕದಲ್ಲಿ ನಮ್ಮ ಹಗಲು ರಾತ್ರಿ ಎಂದು ಗೊತ್ತಿಲ್ಲದೆ ಇಲ್ಲ. ತಂಗಿಗೆ ಫೋನ್ ಮಾಡುವಾಗ, ಅವಳು ಮಲಗಿರ್ತಾಳೆ ಬೇಡ ಎಂದು ನಮ್ಮನ್ನೇ ತಡೆಯುತ್ತಿದ್ದವಳು. ಆದರೆ ಟಿಕೆಟ್ಟಿನಲ್ಲಿದ್ದ ಐದೂವರೆ ಅಲ್ಲಿಯ ಗಡಿಯಾರದ್ದು ಎಂದು ಅವಳಿಗೆ ಹೊಳೆದಿರಲಿಲ್ಲ. ಎರಡು, ಐದೂವರೆ, ಕಳೆದರೆ ಮೂರೂವರೆ. ಕಾಶಿಗಿಂತ ಒಂದು ಗಂಟೆ ಜಾಸ್ತಿ. ಚಿಕ್ಕಮ್ಮನ ಕಾಫಿಯ ಮಾತಿಗೂ ಸರಿಹೊಂದಿತು. ನಾವ್ಯಾರೂ ಬಾಯಿ ಬಿಡದೆ ಇದ್ದುದರಿಂದ ಆ ಲೆಕ್ಕ ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ನಾನು ಅಡುಗೆಮನೆಗೆ ಓಡಿದೆ. ಹಿಟ್ಟಿನ ಡಬ್ಬಗಳ ಹಿಂದೆ, ಬೋರಲು ಹಾಕಿದ ಬುಟ್ಟಿಯ ಕೆಳಗೆ ಸ್ಟೀಲ್ ಡಬ್ಬಿ ಇತ್ತು. ರೊಟ್ಟಿ, ಚಟ್ನಿಪುಡಿ, ಬಾಳೆಹಣ್ಣು, ನಾನು ಇಟ್ಟಂತೆಯೇ ಇದ್ದವು. ಮೂರೂವರೆ ಗಂಟೆಗೆ ಇಷ್ಟೆಲ್ಲ ಯಾಕೆ ಹೊರಬೇಕು ಎಂದು ನನ್ನ ಕಣ್ಣು ತಪ್ಪಿಸಿ ತೆಗೆದಿಟ್ಟು ಹೋಗಿದ್ದಳು. ಮಾತ್ರೆಯ ಸ್ಟ್ರಿಪ್ ಮಾತ್ರ ಅವಳ ಹತ್ತಿರವೇ ಇದೆ. ಎಂಟಕ್ಕೆ ಮಾತ್ರೆ ನುಂಗುತ್ತಾಳೆ. ಊಟ ಮಾಡುವುದಿಲ್ಲ.

ಎಂಟಕ್ಕೆ ಇನ್ನೂ ಸಮಯವಿತ್ತು, ಅದೇ ಹೆಚ್ಚು ಹಿಂಸೆ. ವಿಜಯನಗರದಲ್ಲಿ ಅವ್ವನನ್ನು ನೋಡುವ ಡಾಕ್ಟರ ಕ್ಲಿನಿಕ್ಕಿಗೆ ಗಂಡನ ಸ್ಕೂಟರಿನಲ್ಲಿ ಹೋದೆ. ಟೋಕನ್ ತಗೊಳ್ಳಿ ಎಂದ ಕಾಂಪೌಂಡರ್ ಮೇಲೆ ಹರಿಹಾಯ್ದು ಒಳಗೆ ನುಗ್ಗಿದೆ. ಡಾಕ್ಟರು ಸಮಾಧಾನದಿಂದ ಕೇಳಿದರು. ಸಕ್ಕರೆ ಇಳಿಯೋ ಸಾಧ್ಯತೆ ಇದೆ, ಆದರೆ ಹಾಗೇ ಆಗುತ್ತೆ ಅಂತ ಅಲ್ಲ, ಬೆವರು ನಡುಕ ಬಂದರೆ ಪಕ್ಕದವರು ನೋಡ್ತಾರೆ, ವಿಮಾನದವರಿಗೆ ಇದೆಲ್ಲ ಗೊತ್ತಿರುತ್ತೆ ಎಂದರು. ಎಲ್ಲರೂ ಮಲಗಿದ್ದರೆ ಎಂದು ಕೇಳಿದೆ. ಅದೊಂದು ಕಷ್ಟ, ನಿದ್ದೆ ಮಾಡ್ತಿದ್ದಾರೆ ಅಂದ್ಕೊಂಡುಬಿಡ್ತಾರೆ ಎಂದರು. ಆ ಮಾತು ಯಾಕಾದರೂ ಕೇಳಿದೆನೋ. ಸ್ಕೂಟರಿನಲ್ಲಿ ವಾಪಸು ಬರುವಾಗ ದೀಪ ಆರಿಸಿದ ವಿಮಾನ, ಕಂಬಳಿ ಹೊದ್ದು ಸಾಲಾಗಿ ಮಲಗಿದ ಜನ, ಅವರ ನಡುವೆ ತಲೆ ವಾಲಿಸಿದ ಅವ್ವ, ಇದೇ ಕಣ್ಣಮುಂದೆ ಬರುತ್ತಿತ್ತು. ಯಾರು ತಟ್ಟಿ ಎಬ್ಬಿಸುತ್ತಾರೆ ಅವಳನ್ನು?

ಮನೆಯಲ್ಲಿ ಮಗಳು ಆಗಲೇ ವಿಮಾನ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿ ಕೂತಿದ್ದಳು. ಅದರೊಳಗಿನ ಸಂಗೀತ ಕೇಳಿ ಕೇಳಿ ನನಗೆ ಫೋನನ್ನೇ ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು. ಕೊನೆಗೆ ಸಿಕ್ಕಿದ ಹುಡುಗಿ ಒಳ್ಳೆಯವಳು, ಸೀಟಿನ ನಂಬರು ಬರೆದುಕೊಂಡಳು, ಸಂಬಂಧಪಟ್ಟವರಿಗೆ ಹೇಳುತ್ತೇನೆ, ವಿಮಾನಕ್ಕೆ ಮುಟ್ಟುತ್ತದೆಂದು ಭರವಸೆ ಕೊಡಲಾರೆ ಎಂದಳು. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹೊತ್ತು, ಅಕ್ಕನಿಗೆಂದು ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದಳಂತೆ. ವಿಷಯ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ತಮಾಷೆಗೆ ಅಂದಿದ್ದೆ ಕಣೇ ನಾನು," ಎಂದಳು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವಳ ದನಿ ಅಲುಗಿತು.

ಎಂಟಾಯಿತು. ಗೋಡೆ ಗಡಿಯಾರವನ್ನು ನಾವು ನಾಲ್ಕೂ ಜನ ನೋಡುತ್ತಿದ್ದೆವು. ಕೆಳಗಿನ ಮನೆಯ ಆಂಟಿ ಹೋಗಿಯೇ ಇರಲಿಲ್ಲ. ಅತ್ತೆ ಜಾಣೆ, ಹಸಿವಾದರೆ ಕೇಳಿ ತಿನ್ತಾರೆ ಬಿಡು ಎಂದು ಗಂಡ ಹೇಳಿದ್ದೇ ತಡ, ಯಾವ ಭಾಷೆಯಲ್ಲಿ ಕೇಳ್ತಾಳೆ, ನಿಮ್ಮಿಂದಲೇ ಇದೆಲ್ಲ, ಹೇಳೋದು ಬೇಡ ಅಂದವರು ನೀವೇ ಎಂದು ಮೇಲೆ ಬಿದ್ದೆ. ಅವರು ಬಾಲ್ಕನಿಗೆ ಹೋಗಿ ನಿಂತರು. ಹೆದರಿದಾಗ ನಾನು ಜಗಳಗಂಟಿ ಆಗುತ್ತೇನೆಂದು ಅವರಿಗೆ ಗೊತ್ತು.

ಮಾತ್ರೆಯ ಹೆದರಿಕೆಯ ಜೊತೆಗೆ ಇನ್ನೊಂದು ಹೆದರಿಕೆ ನನಗೆ ಆಮೇಲೆ ಹತ್ತಿಕೊಂಡಿತು. ಐದೂವರೆಗೆ ಇಳಿಯುತ್ತೇವೆಂದು ಅವ್ವ ನಂಬಿದ್ದಾಳೆ. ಐದೂವರೆ ಆಗಿದೆ, ಆರಾಗಿದೆ, ಎಂಟಾಗಿದೆ, ವಿಮಾನ ಇಳಿಯುತ್ತಿಲ್ಲ. ಅವಳ ಕೈಯಲ್ಲಿ ಅಪ್ಪನ ಕಾಲದ ಗಡಿಯಾರವಿದೆ, ಅದನ್ನು ನೋಡುತ್ತಾ ಕೂತಿದ್ದಾಳೆ. ಹೊರಗೆ ಕತ್ತಲೆ. ಕೇಳೋಣವೆಂದರೆ ಭಾಷೆ ಗೊತ್ತಿಲ್ಲ. ಹದಿನಾರು ಗಂಟೆ ಎಂದರೆ ಹೆದರುತ್ತಾಳೆಂದು ನಾವು ಮುಚ್ಚಿಟ್ಟು, ಈಗ ಕೊನೆಯೇ ಗೊತ್ತಿಲ್ಲದ ದಾರಿಯಲ್ಲಿ ಅವಳನ್ನು ಒಬ್ಬಳನ್ನೇ ಕೂರಿಸಿದ್ದೇವೆ. ಇದನ್ನು ನಾನು ಜೋರಾಗಿ ಹೇಳಲಿಲ್ಲ. ಮಗಳ ಮುಖ ನೋಡಿದರೆ ಅವಳೂ ಅದನ್ನೇ ಯೋಚಿಸುತ್ತಿದ್ದಂತಿತ್ತು.

ರಾತ್ರಿ ಯಾರೂ ಉಣ್ಣಲಿಲ್ಲ, ಮಲಗಲೂ ಇಲ್ಲ. ಆ್ಯಪಿನಲ್ಲಿ ವಿಮಾನ ಜಪಾನ್ ದಾಟಿ ಸಮುದ್ರದ ಮೇಲೆ ಹೋಯಿತು. ಎಷ್ಟು ಹೊತ್ತು ನೋಡಿದರೂ ಸುತ್ತ ಬರೀ ನೀಲಿ. ಶಾಂತಸಾಗರದ ಆ ಖಾಲಿ ಜಾಗವನ್ನು ನಾನು ಗೋಡೆಯ ಭೂಪಟದಲ್ಲಿ ಎಷ್ಟು ಸಲ ಕಡ್ಡಿಯಿಂದ ತೋರಿಸಿದ್ದೇನೋ, ಅದು ಅಷ್ಟು ದೊಡ್ಡದೆಂದು ಆ ರಾತ್ರಿಯವರೆಗೆ ನನಗೆ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ಹಳದಿ ವಿಮಾನ ಮಾಯವಾಯಿತು. ನಾನು ಚೀರಿದೆನಂತೆ, ನನಗೆ ನೆನಪಿಲ್ಲ. ಸಮುದ್ರದ ಮೇಲೆ ಸಿಗ್ನಲ್ ಸಿಗಲ್ಲ ಅಮ್ಮ, ಎಲ್ಲ ವಿಮಾನಕ್ಕೂ ಹೀಗೇ ಆಗುತ್ತೆ, ನೋಡು ಈಗ ಅಂದಾಜಿನ ಗೆರೆ ತೋರಿಸ್ತಿದೆ ಎಂದು ಮಗಳು ನನ್ನ ಭುಜ ಹಿಡಿದಳು. ಆಂಟಿ ಅವ್ವ ದಿನಾ ಕೂರುವ ಚಾಪೆಯ ಮೇಲೆ ಕೂತು ತಮ್ಮ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿದ್ದರು. ನನಗೆ ಪೂಜೆ ಗೀಜೆ ಎಂದರೆ ಅಷ್ಟಕ್ಕಷ್ಟೆ. ಅವತ್ತು ಹೋಗಿ ಅವರ ಪಕ್ಕ ಕೂತೆ.

ಬೆಳಕು ಹರಿಯುವ ಮುಂಚೆ ಹಳದಿ ವಿಮಾನ ಮತ್ತೆ ಕಾಣಿಸಿಕೊಂಡಿತು, ಅಮೆರಿಕದ ದಡದ ಹತ್ತಿರ. ಹಾಲಿನವನು ಗೇಟು ತೆಗೆಯುವ ಸದ್ದಿನ ಹೊತ್ತಿಗೆ ಇಳಿಯಿತು ಎಂದು ತೋರಿಸಿತು. ವಿಮಾನವೇನೋ ಇಳಿಯಿತು, ಅವ್ವ ಹೇಗಿದ್ದಾಳೆಂದು ಅದು ಹೇಳುವುದಿಲ್ಲವಲ್ಲ. ಅಲ್ಲಿಯ ನಿಲ್ದಾಣದ ಬಾಗಿಲಲ್ಲಿ ಚಿಕ್ಕಮ್ಮ ಊರುಗೋಲು ಹಿಡಿದು ನಿಂತಿದ್ದಳು. ಬಂದ್ಲಾ ಎಂದು ಕೇಳಬೇಡ, ಬಂದ ತಕ್ಷಣ ನಾನೇ ಮಾಡ್ತೀನಿ ಎಂದು ಎರಡನೇ ಸಲ ಬೈದು ಫೋನಿಟ್ಟಳು. ಒಂದು ಗಂಟೆ ದಾಟಿತು. ಬಾಲ್ಕನಿಯ ಕಂಬಿ ಹಿಡಿದು ರಸ್ತೆ ನೋಡುತ್ತಾ ನಿಂತೆ. ಹೂವಿನವಳು ಕೂಗಿಕೊಂಡು ಹೋದಳು, ಕಾರ್ಪೊರೇಷನ್ನಿನ ಕಸದ ಗಾಡಿಯ ಹಾಡು ಬಂತು. ಎಲ್ಲರ ಬೆಳಗೂ ಎಂದಿನಂತಿದೆ ಎಂದು ಹೊಟ್ಟೆ ಉರಿಯಿತು.

ವೀಡಿಯೋ ಕಾಲ್ ಬಂದಾಗ ಮಗಳು ಎತ್ತಿದಳು. ನನ್ನ ಕೈಯಲ್ಲಿ ಆಗಲಿಲ್ಲ.

ಪರದೆಯ ತುಂಬ ಅವ್ವನ ಮುಖ. ವೀಲ್‌ಚೇರಿನಲ್ಲಿ ಕೂತಿದ್ದಳು, ಕಣ್ಣು ಒಳಗೆ ಹೋಗಿತ್ತು. ಹಣೆಯ ಮೇಲೆ ವಿಭೂತಿ ಮೂರು ಬೆರಳಿನಗಲ ಎದ್ದು ಕಾಣುತ್ತಿತ್ತು. ಹಿಂದಿನ ದಿನ ಮನೆ ಬಿಡುವಾಗ ಹಚ್ಚಿದ್ದು ಅಷ್ಟಿರಲಿಲ್ಲ. ಅವ್ವ, ಹೇಗಿದೀಯ ಎಂದೆ.

"ಎಲ್ಲಾರೂ ಇದೀರಾ?" ಎಂದಳು.

ಇದೀವಿ ಅವ್ವ ಎಂದೆ. ನಿನ್ನ ಮಗಳೆಲ್ಲಿ ಎಂದಳು. ಮಗಳು ಮುಖ ತೋರಿಸಿದಳು. ಅಳಿಯಂದಿರು ಎಂದಳು. ನನ್ನ ಗಂಡ ಬಗ್ಗಿ ಕೈ ಮುಗಿದರು. ಕೆಳಗಿನ ಮನೆಯವರು ಎಂದಳು. ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ಬಂದರು. ಒಬ್ಬೊಬ್ಬರನ್ನೂ ನೋಡಿ ಮುಗಿಸಿದ ಮೇಲೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪ ಹೋದ ದಿನ ಬಿಟ್ಟರೆ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ. ಚಿಕ್ಕಮ್ಮ ಫೋನ್ ತೆಗೆದುಕೊಂಡು, ಸಕ್ಕರೆ ನೋಡಿದೆ, ಪರವಾಗಿಲ್ಲ, ಮನೆಗೆ ಹೋಗಿ ಮಾಡ್ತೀವಿ ಎಂದಳು.

ಆಗ ನಮಗೆಲ್ಲ ಒಟ್ಟಿಗೆ ಹಸಿವಾಯಿತು. ಆ ಸ್ಟೀಲ್ ಡಬ್ಬಿಯನ್ನೇ ತೆಗೆದು, ಗಟ್ಟಿಯಾಗಿದ್ದ ರೊಟ್ಟಿ ಮುರಿದು, ಚಟ್ನಿಪುಡಿಗೆ ಮೊಸರು ಕಲಸಿಕೊಂಡು ನಾಲ್ಕೂ ಜನ ನಿಂತೇ ತಿಂದೆವು. ಗಂಡನಿಗೆ ನಾನು ಸಾರಿ ಎನ್ನಲಿಲ್ಲ, ಒಂದು ರೊಟ್ಟಿ ಹೆಚ್ಚಿಗೆ ಕೊಟ್ಟೆ. ಅವರು ತೆಗೆದುಕೊಂಡರು.

ಅವ್ವ ಸ್ನಾನ, ಪೂಜೆ, ಊಟ ಎಲ್ಲ ಮುಗಿಸಿ ಮತ್ತೆ ಫೋನ್ ಮಾಡಿದಾಗ ನಿಧಾನಕ್ಕೆ ಹೇಳಿದಳು. ಐದೂವರೆಗೆ ಚೀಲ ತೊಡೆಯ ಮೇಲಿಟ್ಟುಕೊಂಡು ಇಳಿಯಲು ತಯಾರಾಗಿ ಕೂತಳಂತೆ. ಯಾರೂ ಏಳಲಿಲ್ಲ. ಪಕ್ಕದ ಹುಡುಗ ಕಿವಿಗೆ ಏನೋ ಹಾಕಿಕೊಂಡು ಮಲಗಿಬಿಟ್ಟಿದ್ದ. ಕಿಟಕಿಗಳನ್ನೆಲ್ಲ ಮುಚ್ಚಿ ದೀಪ ಆರಿಸಿದರು. ಅವಳಿಗೆ ಟೀವಿಯಲ್ಲಿ ನೋಡಿದ್ದು ನೆನಪಾಯಿತು. ಕೆಳಗೆ ಯುದ್ಧವೋ ಏನೋ ಆಗಿದೆ, ಅದಕ್ಕೇ ಇಳಿಸುತ್ತಿಲ್ಲ, ಜನ ಗಾಬರಿಯಾಗಬಾರದೆಂದು ಹೇಳುತ್ತಿಲ್ಲ ಎಂದುಕೊಂಡಳು. ಎಂಟಕ್ಕೆ ಮಾತ್ರೆ ಕೈಗೆ ತೆಗೆದುಕೊಂಡವಳಿಗೆ ನುಂಗಲು ಮನಸ್ಸಾಗಲಿಲ್ಲ. ಬಾಟಲಿಯ ನೀರಿನಲ್ಲಿ ಕರವಸ್ತ್ರ ಅದ್ದಿ ಮುಖ, ಕೈ ಒರೆಸಿಕೊಂಡು, ವಿಭೂತಿ ಹಚ್ಚಿಕೊಂಡು, ಸ್ನಾನವಿಲ್ಲದೆ, ದಾರಿಯಲ್ಲಿ, ಜೀವನದಲ್ಲಿ ಮೊದಲ ಸಲ ಲಿಂಗವನ್ನು ಅಂಗೈಯಲ್ಲಿ ಹಿಡಿದಳು. ಪೂಜೆಯಾದ ಮೇಲೆ ಪ್ರಸಾದ ಬಿಡುವಂತಿಲ್ಲ. ಪೂಜೆಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡಳು. ಆಗಲೇ ಎರಡು ಸಲ ಬಂದು ಬರಿಗೈಲಿ ಹೋಗಿದ್ದ ವಿಮಾನದ ಹುಡುಗಿ ಮತ್ತೆ ತಟ್ಟೆ ಹಿಡಿದು ಬಂದು ನಿಂತಳು. ಪೂಜೆಯಾದ ಮೇಲೆ ಎದುರಿಗೆ ಬಂದ ಅನ್ನವನ್ನು ಬೇಡ ಎನ್ನಬಾರದು, ಅನ್ನ ಮೊಸರು, ಹಣ್ಣು ಎಲ್ಲ ತಿಂದು ಮಾತ್ರೆ ನುಂಗಿದಳು. ನಾವು ಗಡಿಯಾರ ನೋಡುತ್ತಾ ಒಬ್ಬರ ಮೇಲೊಬ್ಬರು ಹಾರಾಡುತ್ತಿದ್ದ ಹೊತ್ತಿನಲ್ಲೇ ಇದೆಲ್ಲ ನಡೆದದ್ದು. ಆ ಹುಡುಗಿ ಫೋನಿನ ಸಂದೇಶ ಮುಟ್ಟಿ ಬಂದಳೋ, ತಾನಾಗಿ ಬಂದಳೋ ನಮಗೆ ಇವತ್ತಿಗೂ ತಿಳಿಯದು.

ಇಳಿಯುವಾಗ ಹೊರಗೆ ಸಂಜೆಯ ಬಿಸಿಲು, ಅವಳ ಗಡಿಯಾರದಲ್ಲಿ ಆರು. ನಡುವೆ ಒಂದು ರಾತ್ರಿ ಕಳೆದಿದ್ದನ್ನು ಅವಳು ನೋಡಿದ್ದಳು. ಹಾಗಾಗಿ ಅದು ಮಾರನೆಯ ದಿನದ ಸಂಜೆ ಎಂದುಕೊಂಡು, ಒಂದು ರಾತ್ರಿ ಒಂದು ಹಗಲು ಇಳಿಸಲೇ ಇಲ್ಲ, ನಮ್ಮ ಊರೇ ಉಳಿದಿಲ್ಲ ಎಂದು ಗಟ್ಟಿಮಾಡಿಕೊಂಡೇ ಹೊರಗೆ ಬಂದಿದ್ದಳು.

ನಾನು ಎಲ್ಲ ಹೇಳಿದೆ. ಗಡಿಯಾರದ ಲೆಕ್ಕ ಹೇಳಿದೆ, ಹದಿನಾರು ಗಂಟೆ ಹೇಳಿದೆ, ನೀನು ಹೆದರಿಕೊಳ್ತೀಯ ಅಂತ ನಾವೇ ಮುಚ್ಚಿಟ್ಟೆವು ಎಂದೂ ಹೇಳಿದೆ. ಬೈಯಲಿ ಎಂದು ಕಾದೆ. ಅವ್ವ ಬೈಯಲಿಲ್ಲ.

"ಹೇಳಿದ್ರೆ ನನ್ನೊಬ್ಬಳಿಗೋಸ್ಕರ ಹೆದರ್ತಿದ್ದೆ ಕಣವ್ವ," ಎಂದಳು. "ಹೇಳದೆ ಇದ್ದಿದ್ದಕ್ಕೆ ನಿಮ್ಮೆಲ್ಲರಿಗೋಸ್ಕರ ಹೆದರಿದೆ."

ಪಕ್ಕದಲ್ಲಿ ಮಗಳು ನನ್ನ ಕೈ ಹಿಡಿದುಕೊಂಡಳು. ಅವ್ವ ಕೇಳುವ ಮೊದಲೇ, ವಾಪಸು ಬರುವ ದಾರಿ ಹದಿನೇಳು ಗಂಟೆಗೂ ಜಾಸ್ತಿ ಎಂದು ಹೇಳಿಬಿಟ್ಟೆ.